ಹಿಂದಿನ ಬೋಗಿ

ಕೊಳ್ಳೇಗಾಲಕ್ಕೆ ರೈಲು ಬರಲಿಲ್ಲ, ರೈಲು ಸಮಿತಿ ಬಂತು. ಅಧ್ಯಕ್ಷರು, ಉಪಾಧ್ಯಕ್ಷರು, ರಬ್ಬರ್ ಸ್ಟಾಂಪು ಎಲ್ಲ ಇದ್ದವು, ಹಳಿಯೊಂದು ಇರಲಿಲ್ಲ. ಅಧ್ಯಕ್ಷರು ರೇಷ್ಮೆ ವ್ಯಾಪಾರದ ಗುರುಪಾದಸ್ವಾಮಿ. ಈ ಮಹಾನುಭಾವರು ಹುಟ್ಟಿದಾಗಿನಿಂದ ಮೂರು ಸಲ ರೈಲು ಹತ್ತಿದ್ದರು. ಮೂರು ಸಲವೂ ಮದರಾಸಿಗೆ, ಮೂರು ಸಲವೂ ಹೊದ್ದುಕೊಂಡು ನಿದ್ದೆ. ಆದರೂ ಭಾಷಣಕ್ಕೆ ನಿಂತರೆ ರೈಲನ್ನು ಇವರೇ ಹೆತ್ತು ಸಾಕಿದಂತೆ ಮಾತಾಡುತ್ತಿದ್ದರು.

ಅರವತ್ತೊಂಬತ್ತನೇ ಇಸವಿಯಲ್ಲಿ ಸರ್ವೆ ಇಂಜಿನಿಯರೊಬ್ಬರು ಊರಿಗೆ ಬರುತ್ತಾರೆಂದು ಕಾಗದ ಬಂತು. ಸಮಿತಿಗೆ ಮೈಮೇಲೆ ದೇವರು ಬಂದ ಹಾಗಾಯಿತು. ಟ್ರಾವೆಲರ್ಸ್ ಬಂಗಲೆಗೆ ಸುಣ್ಣ ಬಳಿಸುವುದು, ಹಾರ ಹಾಕುವುದು, ಕೊನೆಗೆ ಒಂದು ನೆನಪಿನ ಕಾಣಿಕೆ ಕೊಡುವುದು ಎಂದು ತೀರ್ಮಾನವಾಯಿತು. ಕಾಣಿಕೆಗೆ ಅಧ್ಯಕ್ಷರು ಮದರಾಸಿನಿಂದ ಮೊಳಕ್ಕಿಂತ ಗಿಡ್ಡನೆಯ ಒಂದು ಡೀಸೆಲ್ ಎಂಜಿನ್ ಬೊಂಬೆ ತಂದರು. ಅಮೆರಿಕದ ಮಾಲು. ಗಾಜಿನ ಪೆಟ್ಟಿಗೆಯಲ್ಲಿ ಎರಡು ಹಳಿ ಜೋಡಿಸಿ, ಅದರ ಮೇಲೆ ಬೊಂಬೆಯನ್ನು ನಿಲ್ಲಿಸಿ, ‘ಕೊಳ್ಳೇಗಾಲ ಎಕ್ಸ್‌ಪ್ರೆಸ್’ ಎಂದು ಹಳದಿ ಬಣ್ಣದಲ್ಲಿ ಬರೆಸುವುದು ಅವರ ಆಲೋಚನೆ. ಅದನ್ನು ನೋಡಿ ಒಪ್ಪಿಗೆ ಕೊಡಲಿ ಎಂದು ನನ್ನನ್ನು ಕರೆಸಿದರು.

ನನ್ನನ್ನೇ ಏಕೆ ಎಂದರೆ ನಾನು ಎಂಜಿನ್ ಸದಾಶಿವಪ್ಪ. ತಮಿಳು ಸೀಮೆಯ ಪೊನ್ಮಲೈ ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ಸವೆಸಿ ಬಂದವನು. ಇಲ್ಲೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆ ಇಪ್ಪತ್ತೆಂಟು ವರ್ಷವೂ ನಾನು ಗೂಡ್ಸ್ ಡಬ್ಬಗಳ ಬಾಗಿಲು, ಕೊಂಡಿ, ಚಿಲಕ ರಿಪೇರಿ ಮಾಡಿದವನು. ಎಂಜಿನ್ ಕಡೆಗೆ ನನ್ನನ್ನು ಬಿಟ್ಟವರಿಲ್ಲ. ಡೀಸೆಲ್ ಬರುವ ಹೊತ್ತಿಗೆ ನಾನು ಗಂಟುಮೂಟೆ ಕಟ್ಟಿದ್ದೆ. ಊರಿಗೆ ಬಂದಾಗ ಮಾಂಬಳ್ಳಿಯ ಜಮೀನನ್ನು ಅಣ್ಣಂದಿರು ಉಳುತ್ತಿದ್ದರು, ನಾನು ಯಾರಿಗೂ ಬೇಕಾಗಿರಲಿಲ್ಲ. ಆಗ ಯಾರೋ ಹೋಟೆಲಿನಲ್ಲಿ, ‘ಇವ್ರು ಎಂಜಿನ್ ಮಾಡ್ತಿದ್ದೋರು ಕಣ್ಲಾ’ ಎಂದರು. ನಾನು ತಿದ್ದಲಿಲ್ಲ. ಅಂದಿನಿಂದ ಕುರ್ಚಿ ಸಿಕ್ಕಿತು, ಕಾಫಿ ಸಿಕ್ಕಿತು, ಮದುವೆಮನೆಯಲ್ಲಿ ಮುಂದಿನ ಸಾಲು ಸಿಕ್ಕಿತು. ಆ ಹೆಸರೊಂದು ಹೋದರೆ ನಾನು ಮತ್ತೆ ಅಣ್ಣಂದಿರ ಜಗಲಿಯ ಮೇಲೆ ಕೂತ ಮುದುಕ, ಅಷ್ಟೆ.

ಬೊಂಬೆಯನ್ನು ನೋಡಿದೆ. ನಗು ಬಂತು. ಎಂಜಿನ್ನಿನ ಹೊಟ್ಟೆಯ ಕೆಳಗೆ ಹಿಂದೊಂದು ಮುಂದೊಂದು ಚಕ್ರದ ಚೌಕಟ್ಟು ಇರುತ್ತದೆ. ಊರಿನವರು ಜನ ಕೂರುವ ಡಬ್ಬಕ್ಕೆ ಬೋಗಿ ಎನ್ನುತ್ತಾರೆ, ವರ್ಕ್‌ಶಾಪಿನಲ್ಲಿ ನಾವು ಬೋಗಿ ಎನ್ನುತ್ತಿದ್ದುದು ಈ ಚೌಕಟ್ಟಿಗೆ. ನಮ್ಮ ಕಡೆ ಓಡುವ ಹೊಸ ಡೀಸೆಲ್ಲಿಗೆ ಒಂದೊಂದು ಬೋಗಿಗೂ ಆರಾರು ಚಕ್ರ. ಈ ಬೊಂಬೆಯ ಬೋಗಿಗೆ ನಾಲ್ಕೇ ನಾಲ್ಕು.

“ಅಧ್ಯಕ್ಷರೇ, ಇದು ನಮ್ಮ ಎಂಜಿನ್ ಅಲ್ಲ” ಎಂದೆ.

“ಚಕ್ರ ಎಷ್ಟಿದ್ರೇನು ಸಾ, ರೈಲ್ ತಾನೆ?” ಎಂದರು ಗುರುಪಾದಸ್ವಾಮಿ.

“ಜೋಡೆತ್ತಿನ ಗಾಡಿ ಅಂತ ಹೇಳಿ ಒಂಟೆತ್ತಿನ ಗಾಡಿ ತೋರಿಸಿದರೆ ನಿಮ್ಮ ಬೀಗರು ಸುಮ್ಮನಿರುತ್ತಾರಾ? ರೈಲ್ವೆ ಇಂಜಿನಿಯರು ಮೊದಲು ನೋಡುವುದೇ ಬೋಗಿ. ಚಕ್ರ ಎಣಿಸಲು ಬಾರದವರಿಗೆ ಹಳಿ ಯಾಕೆ ಅಂತ ಹೊರಟುಹೋಗುತ್ತಾರೆ.”

ಸಮಿತಿಯವರ ಮುಖ ಇಂಗು ತಿಂದ ಹಾಗಾಯಿತು. ಆ ಮುಖಗಳನ್ನು ನೋಡಿದ ಖುಷಿಯಲ್ಲಿ, ಬೋಗಿ ಬದಲಿಸಿ ಸರಿಮಾಡಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ.

ಹನೂರಿನಲ್ಲಿ ಮುತ್ತಯ್ಯ ಎಂಬ ಹಿತ್ತಾಳೆ ಕೆಲಸದವನಿದ್ದ. ಎತ್ತಿನ ಕೊಂಬಿಗೆ ಕಳಸ, ಕೊರಳಿಗೆ ಗಂಟೆ ಮಾಡಿ ಹೊಟ್ಟೆ ಹೊರೆಯುವವನು. ಜನ್ಮದಲ್ಲಿ ರೈಲು ನೋಡಿರಲಿಲ್ಲ. ಅವನ ಕುಲುಮೆಯ ಮುಂದೆ ಬೊಂಬೆಯನ್ನು ಇಳಿಸಿದಾಗ ಅವನು ಅದನ್ನು ಮಗುವನ್ನೆತ್ತುವಂತೆ ಎರಡು ಕೈಯಲ್ಲಿ ಎತ್ತಿ, ಮಗುಚಿ ಹೊಟ್ಟೆ ನೋಡಿದ. ಗುರುಪಾದಸ್ವಾಮಿಗೆ ಇಷ್ಟು ದಿನದಲ್ಲಿ ಅದನ್ನು ಮಗುಚಬೇಕೆಂದು ಹೊಳೆದಿರಲಿಲ್ಲ.

ನನ್ನ ಬಳಿ ನಕ್ಷೆ ಎಲ್ಲಿಂದ ಬರಬೇಕು? ಇದ್ದದ್ದು ಒಂದು ಹಳೆಯ ಕ್ಯಾಲೆಂಡರ್ ಚಿತ್ರ. ಹೊಸ ಡೀಸೆಲ್ಲಿಗೆ ಪೂಜೆ ಮಾಡುತ್ತಿರುವ ಫೋಟೋ. ಮುಂದಿನ ಬೋಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಪಕ್ಕಕ್ಕೆ ಕಾಣುವ ಮೂರು ಚಕ್ರಗಳ ನಡುವಿನ ಎರಡು ಸಂದು ಸಮವಲ್ಲ, ಒಂದು ಅಗಲ, ಒಂದು ಇಕ್ಕಟ್ಟು. ಹಿಂದಿನ ಬೋಗಿಯ ಮುಂದೆ ಹಾರ ಹಿಡಿದ ಅಧಿಕಾರಿಗಳು ಸಾಲಾಗಿ ನಿಂತು ಹಲ್ಲು ಕಿರಿಯುತ್ತಿದ್ದರು. ಅವರ ಕಾಲುಗಳ ಸಂದಿನಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಮುತ್ತಯ್ಯ ಇಪ್ಪತ್ತು ದಿನ ದುಡಿದ. ಹಳೆಯ ಬೋಗಿಗಳ ಪಕ್ಕದ ಪ್ಲಾಸ್ಟಿಕ್ ಪಟ್ಟಿಗಳನ್ನು ಗರಗಸದಿಂದ ಕೊಯ್ದು ತೆಗೆದ. ಹಿತ್ತಾಳೆ ತಗಡಿನಲ್ಲಿ ಹೊಸ ಚೌಕಟ್ಟು ಕತ್ತರಿಸಿ, ಬೋಗಿಗೆ ಎರಡೆರಡು ಹೊಸ ಚಕ್ರ ಸೇರಿಸಿದ. ತಂತಿ ಸುತ್ತಿ ಜೋಳದ ಕಾಳಿನಷ್ಟು ಸ್ಪ್ರಿಂಗು ಮಾಡಿದ. ಅಚ್ಚಿನ ತುದಿಯ ಪೆಟ್ಟಿಗೆಗಳನ್ನು ಅರದಿಂದ ಉಜ್ಜಿ ಉಜ್ಜಿ ಕೂರಿಸಿದ. ನಿಜ ಹೇಳಬೇಕೆಂದರೆ ಅಂಥ ಕೆಲಸವನ್ನು ನಾನು ಪೊನ್ಮಲೈಯಲ್ಲೂ ನೋಡಿರಲಿಲ್ಲ. ಅವನೆದುರು ಮಾತ್ರ, “ಪರವಾಗಿಲ್ಲ” ಎಂದೆ.

ಎರಡು ಬೋಗಿಗಳನ್ನೂ ಒಂದೊಂದು ತಿರುಪಿನಲ್ಲಿ ಎಂಜಿನ್ನಿಗೆ ಬಿಗಿದು ತೋರಿಸಿದ ದಿನ ನನ್ನ ಪಿತ್ತ ನೆತ್ತಿಗೇರಿತು. ಮುಂದಿನ ಬೋಗಿಯಲ್ಲಿ ಅಗಲದ ಸಂದು ಮುಂದಕ್ಕಿತ್ತು. ಹಿಂದಿನದರಲ್ಲಿ ಹಿಂದಕ್ಕಿತ್ತು.

“ಲೇ ಮುತ್ತಯ್ಯ, ಇದೇನ್ಲಾ ಇದು? ಒಂದು ಹಂಗೆ, ಒಂದು ಹಿಂಗೆ?”

“ಜೋಡಿ ಅಲ್ವಾ ಸಾ? ಜೋಡಿ ಅಂದ್ರೆ ಎದುರುಬದುರು ಇರ್ಬೇಕು. ಎಡಗೊಂಬಿನ ಕಳಸನ ಬಲಗೊಂಬಿಗೆ ಆಕುದ್ರೆ ಕೂರಾಕಿಲ್ಲ. ಇದು ಎರ್ಡು ಕಡೀಕೂ ಓಡ್ತದೆ ಅಂತ ನೀವೇ ಯೋಳುದ್ರಿ. ಅಂಗಾದ್ರೆ ಆ ಕಡೆಯಿಂದ ನೋಡುದ್ರೂ ಈ ಕಡೆಯಿಂದ ನೋಡುದ್ರೂ ಒಂದೇ ಥರ ಕಾಣ್ಬೇಕಲ್ವಾ?”

ಗೊತ್ತಿಲ್ಲ ಎನ್ನುವುದಕ್ಕೆ ಬದಲು ಬೈದೆ. “ಎಂಜಿನ್ ನಾನು ಮಾಡಿದವನೋ ನೀನೋ? ಹಿಂದಿನ ಬೋಗಿ ಮುಂದಿನದರ ಹಿಂದೆ ಹೋಗುವುದು ಕಣೋ, ಅದಕ್ಕೆ ಬೆನ್ನು ತಿರುಗಿಸಿ ಹೋಗುವುದಲ್ಲ. ಎತ್ತಿನ ಬುದ್ಧಿಯನ್ನು ಎತ್ತಿಗೇ ಇಟ್ಕೋ.”

ಅವನು ಕ್ಯಾಲೆಂಡರನ್ನು ಒಮ್ಮೆ ನೋಡಿದ, ಆಮೇಲೆ ನನ್ನ ಮುಖವನ್ನು ನೋಡಿದ. “ಪಟದಲ್ಲಿ ಹಿಂದ್ಲುದು ಕಾಣ್ತಾನೇ ಇಲ್ವಲ್ಲ ಸಾ” ಎಂದ ಮೆಲ್ಲಗೆ. ನಾನು ತಿರುಪುಳಿ ಕಿತ್ತುಕೊಂಡು ನಾನೇ ಹಿಂದಿನ ಬೋಗಿಯನ್ನು ತಿರುಗಿಸಿ ಬಿಗಿದೆ.

ಇಂಜಿನಿಯರು ಬಂದ ಮಧ್ಯಾಹ್ನ ಬಂಗಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರುಪಾದಸ್ವಾಮಿ ಮುಕ್ಕಾಲು ಗಂಟೆ ಮಾತಾಡಿದರು. ಪೆಟ್ಟಿಗೆಯನ್ನು ಹೊತ್ತು ತಂದ ಮುತ್ತಯ್ಯ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನಿಂತಿದ್ದ. ಇಂಜಿನಿಯರು ತಮಿಳರು, ತೆಳ್ಳನೆಯ ಮನುಷ್ಯ. ಭಾಷಣಕ್ಕೆಲ್ಲ ಆಕಳಿಸುತ್ತ ಕೂತಿದ್ದವರು ಎಂಜಿನ್ನನ್ನು ಕೈಗೆ ಕೊಟ್ಟೊಡನೆ ನೆಟ್ಟಗೆ ಕೂತರು. ಕನ್ನಡಕ ಏರಿಸಿ ಬೋಗಿಯ ಸ್ಪ್ರಿಂಗುಗಳನ್ನು ಉಗುರಿನಿಂದ ಒತ್ತಿ ನೋಡಿದರು.

“ಆರು ಚಕ್ರ! ಸಂದು ಕೂಡ ಸರಿಯಾಗಿ ಬಿಟ್ಟಿದ್ದೀರಿ. ಇದನ್ನು ಯಾರು ಗಮನಿಸಿದರು?” ಎಂದು ಕನ್ನಡದಲ್ಲೇ ಕೇಳಿದರು.

ಅಧ್ಯಕ್ಷರು ನನ್ನನ್ನು ಮುಂದೆ ತಳ್ಳಿದರು. “ನಮ್ ಎಂಜಿನ್ ಸದಾಶಿವಪ್ಪೋರು! ಪೊನ್ಮಲೈಯಾಗೆ ಡೀಸೆಲ್ ಎಂಜಿನ್ ಮಾಡ್ತಿದ್ದೋರು!” ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಕೋಟಿನ ಗುಂಡಿ ಎಳೆಯುತ್ತಿತ್ತು.

ಇಂಜಿನಿಯರ ಬೆರಳು ಹಿಂದಿನ ಬೋಗಿಯ ಮೇಲೆ ನಿಂತಿತು. ಎಂಜಿನ್ನನ್ನು ಒಮ್ಮೆ ಮಗುಚಿದರು. ಮುಂದಿನದನ್ನು ನೋಡಿದರು, ಹಿಂದಿನದನ್ನು ನೋಡಿದರು. ಆಮೇಲೆ ತಮಿಳಿನಲ್ಲಿ, “ಹಿಂದಿನ ಬೋಗಿ ತಿರುಗುಮುರುಗಾಗಿದೆಯಲ್ಲ. ಪೊನ್ಮಲೈಯಲ್ಲಿ ನೀವು ಯಾವ ಶಾಪಿನಲ್ಲಿ, ಯಾವ ಕೆಲಸದಲ್ಲಿದ್ದಿರಿ?” ಎಂದು ಕೇಳಿದರು.

ನನ್ನ ಮಾನ ಉಳಿಯಲಿ ಎಂದೇ ಅವರು ತಮಿಳಿನಲ್ಲಿ ಕೇಳಿದ್ದಿರಬೇಕು. ಪಾಪ, ಕೊಳ್ಳೇಗಾಲ ನಿನ್ನೆ ಮೊನ್ನೆಯವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತೆಂದು ಅವರಿಗೆ ನೆನಪಿರಲಿಲ್ಲ. ಅಲ್ಲಿದ್ದ ನೂರು ಜನಕ್ಕೂ ತಮಿಳು ಅರ್ಥವಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೋಟಿನ ಗುಂಡಿ ಸರಿಮಾಡಿಕೊಳ್ಳತೊಡಗಿದೆ.

“ನಾನೇ ಸಾ ತಿರುಗ್ಸಿ ಬುಟ್ಟುದ್ದು.”

ಬಾಗಿಲ ಬಳಿಯಿಂದ ಮುತ್ತಯ್ಯ ಬಂದ. “ಅವ್ರು ಸರಿಯಾಗೇ ಯೋಳಿದ್ರು. ಜೋಡಿ, ಎದುರುಬದುರು ಇರ್ಬೇಕು ಅಂತ. ನಂಗೇ ತಿಳೀನಿಲ್ಲ.” ಸೊಂಟದಿಂದ ತಿರುಪುಳಿ ತೆಗೆದು, ಎಂಜಿನ್ನನ್ನು ತೆಗೆದುಕೊಂಡು ಕುಕ್ಕರಗಾಲಲ್ಲಿ ಕೂತು, ಒಂದು ತಿರುಪು ಸಡಿಲಿಸಿ, ಬೋಗಿಯನ್ನು ತಿರುಗಿಸಿ ಬಿಗಿದ. ಒಂದು ವೀಳ್ಯ ಮಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

“ಕೊಂಬಿನ ಕಳಸ ಮಾಡೋನ ಕೈಗೆ ಎಂಜಿನ್ ಕೊಟ್ರೆ ಇನ್ನೇನಾಯ್ತದೆ!” ಎಂದರು ಗುರುಪಾದಸ್ವಾಮಿ. ಎಲ್ಲರೂ ಹೋ ಎಂದು ನಕ್ಕರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಲಿಲ್ಲ.

“ನಾನು ಬಡಕೊಂಡೆ ಸಾರ್, ಅವನ ತಲೆಗೆ ಹೋಗಲಿಲ್ಲ” ಎಂದೆ.

ಇಂಜಿನಿಯರು ನನ್ನನ್ನು ಒಂದು ಸಲ ನೋಡಿದರು. ಮತ್ತೆ ಯಾವ ಶಾಪು ಎಂದು ಕೇಳಲಿಲ್ಲ. ಎಂಜಿನ್ನನ್ನು ಪೆಟ್ಟಿಗೆಯಲ್ಲಿಟ್ಟು, ಹೊರಡುವಾಗ ಮುತ್ತಯ್ಯನ ಬಳಿ ನಿಂತು ಅವನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದರು. ಅದನ್ನು ಸಮಿತಿಯವರು ನೋಡಲಿಲ್ಲ, ಕಾರಿನ ಬಾಗಿಲು ತೆಗೆಯಲು ಓಡುತ್ತಿದ್ದರು.

ಸಂಜೆ ಬಸ್‌ಸ್ಟ್ಯಾಂಡಿಗೆ ಹೋದೆ. ಮುತ್ತಯ್ಯ ಹನೂರಿನ ಬಸ್ಸಿಗೆ ಕಾಯುತ್ತಿದ್ದ. ತಪ್ಪಾಯಿತು ಎನ್ನಲು ಹೋದವನಲ್ಲ ನಾನು, ಅಷ್ಟು ದೊಡ್ಡ ಗುಣ ನನ್ನಲ್ಲಿಲ್ಲ. “ಯಾಕ್ಲಾ ಹಾಗಂದೆ?” ಎಂದು ಗದರಿಸಿಯೇ ಕೇಳಿದೆ.

“ಇನ್ನೇನ್ ಮಾಡದು ಸಾ? ನಂಗಾದ್ರೆ ಸೀಮೆ ತುಂಬ ಎತ್ತು ಅವೆ. ನಿಮ್ಗೆ ಇರೋದು ಅದೊಂದು ಎಂಜಿನ್ನೇಯ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹಂಗಿಸುವುದೂ ಇರಲಿಲ್ಲ. ಇದ್ದಿದ್ದರೆ ನಾನೂ ಎರಡು ಮಾತು ಬಯ್ದು ಹಗುರಾಗುತ್ತಿದ್ದೆ. ಬಸ್ಸು ಬಂತು, ಹತ್ತಿ ಹೋದ.

ಮೂರು ವರ್ಷವಾಯಿತು. ರೈಲು ಬಂದಿಲ್ಲ, ಸಮಿತಿಗೆ ಇನ್ನೊಂದು ರಬ್ಬರ್ ಸ್ಟಾಂಪು ಬಂದಿದೆ. ಕಳೆದ ವಾರ ಹನೂರಿನ ಬಸ್ಸಿನಲ್ಲಿ ಲೊಕ್ಕನಹಳ್ಳಿಯ ಒಬ್ಬ ರೈತ ಹೊಸ ಕಳಸಗಳನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದವನಿಗೆ ಹೇಳುತ್ತಿದ್ದ. “ಮುತ್ತಯ್ಯನತ್ರ ಮಾಡ್ಸಿಲ್ಲ ಕಣಪ್ಪ, ಕೊಳ್ಳೇಗಾಲದಿಂದ ತಂದೆ. ಆ ಆಸಾಮಿಗೆ ಎಡ ಯಾವ್ದು ಬಲ ಯಾವ್ದು ಗೊತ್ತಿಲ್ಲ. ರೈಲ್ ಚಕ್ರನೇ ತಿರುಗ್ಸಿ ಆಕಿದ್ನಂತೆ, ದೊಡ್ ಸಾಹೇಬ್ರ ಮುಂದೆ!” ಬಸ್ಸಿಗೆ ಬಸ್ಸೇ ನಕ್ಕಿತು. ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು. ಗುರುತು ಹಿಡಿದು, ಎದ್ದು ಸೀಟು ಬಿಟ್ಟುಕೊಟ್ಟ.

“ನೀವೇ ಇದ್ರಲ್ಲ ಅಲ್ಲಿ. ಔದಲ್ವಾ ಎಂಜಿನ್ ಸಾ?”

ಎಲ್ಲರೂ ನನ್ನ ಮಾತಿಗೆ ಕಾಯುತ್ತಿದ್ದರು. ನಾನು ಅವನು ಬಿಟ್ಟುಕೊಟ್ಟ ಸೀಟಿನಲ್ಲಿ ಕೂತು, ಹೌದು ಎಂದೆ.