ಮಕ್ಕಳು: ಇಲ್ಲ

‘ಮಕ್ಕಳು: ಇಲ್ಲ’ ಎಂಬ ಸಾಲನ್ನು ಅಳಿಸಲು ಇಂದು ಎಂಬ ಹುಡುಗಿ ಮೂರನೆಯ ಸಲ ಪ್ರಯತ್ನಿಸಿದಳು. ಆಗಲಿಲ್ಲ. ಸಾವಿನ ಸಂದೇಶವನ್ನು ಕೈಯಿಂದ ತಿದ್ದಲು ಆ ಪರದೆಯಲ್ಲಿ ಜಾಗವೇ ಇರಲಿಲ್ಲ. ಹೆಸರು, ಹಟ್ಟಿ, ತಂದೆ, ಮಕ್ಕಳು, ಹೆಣ ಎತ್ತುವ ಹೊತ್ತು, ಎಲ್ಲವನ್ನೂ ಡೇಟಾಬೇಸ್ ತಾನೇ ಟೇಬಲ್‌ಗಳಿಂದ ಹೆಕ್ಕಿ ಜೋಡಿಸುತ್ತಿತ್ತು. ಹಾಗೆ ಮಾಡಿಟ್ಟವರು ದಿನೇಶ್‌ಕುಮಾರ್. ಈಗ ಹೋಗಬೇಕಾದದ್ದು ಅವರದೇ ಸಾವಿನ ಸಂದೇಶ.

“ಏನ ಕೂಸೇ, ಹೋಯ್ತಾ ಇಲ್ಲೆಯಾ?”

ಜೋಗಿ ಗೌಡರು ಬಾಗಿಲಲ್ಲಿ ನಿಂತಿದ್ದರು. ಮೇಲ್‌ಹಟ್ಟಿಗೆ ಗೌಡರು ಅವರೇ, ಈ ಕಂಪ್ಯೂಟರ್ ಕೋಣೆ ನಡೆಸುವ ಹಟ್ಟಿಗಳ ಸಂಘಕ್ಕೆ ಅಧ್ಯಕ್ಷರೂ ಅವರೇ.

“ಒಂದು ತಪ್ಪಿದೆ ಗೌಡ್ರೇ. ಮಕ್ಕಳ ಜಾಗದಲ್ಲಿ…”

“ತಪ್ಪು ಇಲ್ಲೆ. ಕಳಿಸು. ಹತ್ತು ಗಂಟೆ ಆಯ್ತು, ದೂರದ ಹಟ್ಟಿಯವರು ಬಂದು ಸೇರಬೇಡವಾ? ಮೂರಕ್ಕೆ ಎತ್ತೋದು.”

ಜನರ ಮುಂದೆ ಇಂದುವಿಗೆ ಮಾತು ಬರುವುದೇ ಕಡಿಮೆ. ಎಂಟರ್ ಒತ್ತಿದಳು. ಎರಡು ಸಾವಿರದ ಮುನ್ನೂರ ಹದಿನಾರು ಫೋನುಗಳಿಗೆ, ಅರವಂಕಾಡಿನಿಂದ ಕೋತಗಿರಿಯವರೆಗಿನ ಹಟ್ಟಿಗಳಿಗೆ, ದಿನೇಶ್‌ಕುಮಾರ್ ಮಕ್ಕಳಿಲ್ಲದೆ ಸತ್ತರೆಂಬ ಸುದ್ದಿ ಹೊರಟಿತು.

ಗೌಡರು ಇಳಿದು ಹೋದರು. ಕುರ್ಚಿಯ ಬೆನ್ನಿಗೆ ದಿನೇಶ್‌ಕುಮಾರರ ಕಂದು ಸ್ವೆಟರ್ ಇನ್ನೂ ಹಾಗೇ ನೇತಾಡುತ್ತಿತ್ತು. ನಿನ್ನೆ ಸಂಜೆ ಅದೇ ಕುರ್ಚಿಯಲ್ಲಿ ಅವರು ಎದೆ ಹಿಡಿದುಕೊಂಡದ್ದು. ಅವಳು ಓಡಿಹೋಗಿ ಕೆಳಗಿನ ಚಹಾ ಎಲೆ ತೂಗುವ ಶೆಡ್‌ನಿಂದ ಜನರನ್ನು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಎರಡು ವರ್ಷದ ಹಿಂದೆ, ಬಿಸಿಎ ಮುಗಿಸಿ ಕೆಲಸ ಕೇಳಲು ಬಂದ ಮೊದಲ ದಿನ, ಅವರು ಅವಳನ್ನು ಏನೂ ಕೇಳಿರಲಿಲ್ಲ. ಒಂದು ಕುರ್ಚಿ ಎಳೆದು ಕೊಟ್ಟು, ಪರದೆಯ ಕೆಂಪು ಅಕ್ಷರ ತೋರಿಸಿದರು.

“ಇದು ಏನು ಹೇಳುತ್ತೆ?”

“ಎರರ್ ಸರ್.”

“ಎರರ್ ಅಂತ ಎಲ್ಲರೂ ಹೇಳ್ತಾರೆ. ಪೂರ್ತಿ ಓದು. ಅದು ಬೈತಾ ಇಲ್ಲೆ, ಪಾಪದ್ದು, ಎಲ್ಲಿ ನೋವು ಅಂತ ಹೇಳ್ತಾ ಇದೆ.”

ಅವರು ಎಲ್ಲಿಯೂ ಕಲಿತವರಲ್ಲ. ಕೂನೂರಿನ ಒಂದು ಟೈಪಿಂಗ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೂತು, ಹಳೆಯ ಪುಸ್ತಕ ತಿರುವಿ, ತಪ್ಪು ಮಾಡಿ ಮಾಡಿ ಕಲಿತವರು. ಹಟ್ಟಿಯೊಂದರಲ್ಲಿ ಸಾವಾದರೆ ನೆಂಟರ ಹಟ್ಟಿಗಳೆಲ್ಲ ಬಂದು ಸೇರಬೇಕು. ಮುಂಚೆ ಸುದ್ದಿ ಹೊತ್ತು ಬೆಟ್ಟ ಹತ್ತಿ ಇಳಿದು ಓಡುವ ಗಂಡಸರಿದ್ದರು. ಆ ಕೆಲಸವನ್ನು ದಿನೇಶ್‌ಕುಮಾರ್ ಟೇಬಲ್‌ಗಳಿಗೆ ಕೊಟ್ಟರು. ಒಂದರಲ್ಲಿ ಹಟ್ಟಿಗಳು. ಒಂದರಲ್ಲಿ ಜನ. ಒಬ್ಬೊಬ್ಬರ ಸಾಲಿನಿಂದಲೂ ತಂದೆಯ ಸಾಲಿಗೆ, ತಾಯಿಯ ಸಾಲಿಗೆ ಒಂದೊಂದು ಕೊಂಡಿ. ಯಾರು ಸತ್ತರೆ ಯಾರಿಗೆ ಹೇಳಬೇಕೆಂಬುದು ಆ ಕೊಂಡಿಗಳಿಗೆ ಗೊತ್ತಿತ್ತು.

ಕಳೆದ ವರ್ಷ ಒಬ್ಬರ ಸಾವಿನ ಸಂದೇಶದಲ್ಲಿ ಎತ್ತುವ ಹೊತ್ತು ತಪ್ಪಿ ಹೋಗಿತ್ತು. ಆಗ ಅವರು ಇಂದುವಿನಿಂದಲೇ ಹೊಸ ನಿಯಮವೊಂದನ್ನು ಬರೆಸಿದರು. ಸತ್ತವರ ಸಾಲಿನಲ್ಲಾಗಲಿ, ಅವರ ತಂದೆತಾಯಿ ಮಕ್ಕಳ ಸಾಲಿನಲ್ಲಾಗಲಿ ಏನೇ ತಿದ್ದಿದರೂ ಸಂದೇಶ ತಾನಾಗಿ ಮತ್ತೆ ಎಲ್ಲರಿಗೂ ಹೊರಡಬೇಕು.

“ಎಲ್ಲರಿಗೂ ಯಾಕೆ ಸರ್? ಬರಬೇಕಾದವರಿಗೆ ಮಾತ್ರ ಸಾಕಲ್ಲ?”

“ತಪ್ಪು ಎಷ್ಟು ಜನಕ್ಕೆ ಹೋಯ್ತೋ ಸರಿ ಕೂಡ ಅಷ್ಟು ಜನಕ್ಕೆ ಹೋಗಲಿ,” ಎಂದಿದ್ದರು ಅವರು, ಸೋಂಪು ಅಗಿಯುತ್ತ.

*

ಮೈದಾನದಲ್ಲಿ ಬಿಳಿ ಚಪ್ಪರದ ಕೆಳಗೆ ಮಂಚ ಇಟ್ಟಿದ್ದರು. ಹೆಂಗಸರು ಮಂಚದ ಅಂಚಿಗೆ ಹಣೆ ಹಚ್ಚಿ ಸುತ್ತ ಕೂತಿದ್ದರು. ಒಂದು ಹಟ್ಟಿಯವರು ಬಂದಾಗಲೆಲ್ಲ ಅಳು ಏರುತ್ತಿತ್ತು, ಆಮೇಲೆ ಇಳಿದು ಮಾತಾಗುತ್ತಿತ್ತು.

“ನನಗೆ ಯಾವಾಗಲೂ ಎರಡೆರಡು ಮೆಸೇಜ್ ಬರೋದು,” ಎಂದಳು ಮುದುಕಿ ಚಿನ್ನಮ್ಮಾಳ್. “ಕೇಳಿದ್ದಕ್ಕೆ, ಅಜ್ಜಿ ನಿಮ್ಮ ಹೆಸರು ಎರಡು ಸಲ ಬಂದಿದೆ, ಒಬ್ಬಳು ಸತ್ತರೆ ಇನ್ನೊಬ್ಬಳು ಬಂದು ಅಳಬಹುದು ಅಂದ. ಮಾರನೇ ದಿನ ಸರಿ ಮಾಡಿದ. ಈಗ ಇವನಿಗೆ ಅಳೋಕೆ ಒಂದು ಕೂಸೂ ಇಲ್ಲೆ.”

“ಮೆಸೇಜಲ್ಲೇ ಹಾಕಿದಾರೆ, ಮಕ್ಕಳು ಇಲ್ಲ ಅಂತ.”

“ಒಂದು ಹೆಣ್ಣು ಇತ್ತಲ್ಲ? ಗೂಡಲೂರವಳಿಗೆ ಹುಟ್ಟಿದ್ದು?”

“ಸುಮ್ಮನಿರು. ಗೌಡ್ರು ಇದ್ದಾರೆ.”

ಇಂದು ದಿನೇಶ್‌ಕುಮಾರರ ಅಕ್ಕ ವಸಂತಾಮಣಿಯ ಪಕ್ಕ ಹೋಗಿ ಕೂತಳು. ವಸಂತಾಮಣಿ ತಮ್ಮನ ಕಾಲಬೆರಳುಗಳನ್ನು ಬಟ್ಟೆಯ ಮೇಲಿಂದ ಹಿಡಿದುಕೊಂಡಿದ್ದಳು.

“ಅಕ್ಕ, ಮೋನಿಷಾ ನಂಬರ್ ಇದೆಯಾ?”

ವಸಂತಾಮಣಿ ತಿರುಗಲಿಲ್ಲ. “ಅವನೇ ಒಂಬತ್ತು ವರ್ಷ ಕರೆಯಲಿಲ್ಲ. ಈಗ ನಾನ್ ಏನಂತ ಕರೀಲಿ? ಬಾ, ನಿನ್ನ ಅಪ್ಪನ ಹೆಣ ನೋಡು ಅಂತಲಾ?”

“ಮೂರಕ್ಕೆ ಎತ್ತಿಬಿಡ್ತಾರೆ. ಆಮೇಲೆ ಮುಖ ಸಿಕ್ಕೋದಿಲ್ಲ ಅವಳಿಗೆ.”

“ನಂಬರ್ ಇಲ್ಲೆ ಕೂಸೇ,” ಎಂದಳು ವಸಂತಾಮಣಿ. ಬಟ್ಟೆಯ ಸುಕ್ಕು ಸರಿಮಾಡುತ್ತ ಹೇಳಿದಳು, “ಅವಳಿಗೆ ಎಡಗಡೆ ಕೆನ್ನೇಲಿ ಕುಳಿ ಬೀಳೋದು. ಇವನ ಹಾಗೇ.”

*

ಮಗಳ ಆ ಕತೆಯನ್ನು ದಿನೇಶ್‌ಕುಮಾರ್ ಇಂದುವಿಗೆ ಹೇಳಿದ್ದು ಒಂದೇ ಸಲ. ಅವಳು ಯಾವುದೋ ಸಾಲು ಅಳಿಸಲು ಹೋದಾಗ ಡೇಟಾಬೇಸ್ ಒಪ್ಪಿರಲಿಲ್ಲ. ಈ ಸಾಲನ್ನು ನಂಬಿಕೊಂಡು ಬೇರೆ ಸಾಲುಗಳಿವೆ ಎಂದು ತಡೆದಿತ್ತು.

“ಮುಂಚೆ ಹೀಗೆ ತಡೀತಾ ಇರಲಿಲ್ಲ,” ಎಂದರು ದಿನೇಶ್‌ಕುಮಾರ್. “ಒಂದನ್ನು ಅಳಿಸಿದರೆ ಅದರ ಕೆಳಗಿನದೆಲ್ಲ ತಾನಾಗಿ ಹೋಗಲಿ ಅಂತ ಇಟ್ಟಿದ್ದೆ. ಕ್ಲೀನಾಗಿರುತ್ತೆ ಅಂತ.”

ಅವರ ಹೆಂಡತಿ ಕಮಲಂ ಗೂಡಲೂರಿನವಳು, ಹಟ್ಟಿಯ ಜನವಲ್ಲ. ಅವಳು ಮಗಳನ್ನು ಕರೆದುಕೊಂಡು ತವರಿಗೆ ಹೋದ ವರ್ಷ ಸಂಘದ ಸಭೆಯಲ್ಲಿ ಮಾತು ಬಂತು. ಹಟ್ಟಿಗಳ ದಾಖಲೆಯಲ್ಲಿ ಹೊರಗಿನವಳು ಯಾಕೆ, ಬಿಟ್ಟು ಹೋದ ಮೇಲೂ ಯಾಕೆ. ತೆಗೆದುಬಿಡು ಎಂದರು ಜೋಗಿ ಗೌಡರು. ದಿನೇಶ್‌ಕುಮಾರ್ ಕೋಣೆಗೆ ಬಂದು ಕಮಲಂ ಇದ್ದ ಒಂದು ಸಾಲನ್ನು ಅಳಿಸಿದರು. ಎರಡು ಸಾಲು ಅಳಿಸಲಾಗಿದೆ ಎಂದು ಪರದೆ ಹೇಳಿತು.

“ಎರಡು ಅಂತ ಓದಿದೆ. ಎರಡನೇದು ಯಾರು ಅಂತ ಅರ್ಥ ಆಗೋಕೆ ಒಂದು ನಿಮಿಷ ಬೇಕಾಯ್ತು. ತಾಯಿ ಹೋದರೆ ಮಗು ಹೋಗಲಿ ಅಂತ ನಾನೇ ಬರೆದಿದ್ದೆ.”

“ಮತ್ತೆ ಹಾಕಬಹುದಿತ್ತಲ್ಲ ಸರ್?”

“ಹಾಕಬಹುದಿತ್ತು. ಆ ಸಂಜೇನೇ ಬರೆದಿಟ್ಟೆ. ನಾಳೆ ರನ್ ಮಾಡೋಣ ಅಂದ್ಕೊಂಡೆ. ಮಾರನೇ ದಿನ ಹಟ್ಟೀಲಿ ಯಾರೂ ಕೇಳಲಿಲ್ಲ. ಯಾರೂ ಕೇಳದೇ ಇದ್ದಾಗ…” ಅವರು ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿದರು. “ಮಿಷಿನ್ ತಪ್ಪು ಮಾಡಿದ್ದು ಒಂದು ದಿನ ಕೂಸೇ. ಮಿಕ್ಕ ದಿನ ಎಲ್ಲ ನಂದು.”

ಆಮೇಲೆ ಎದ್ದು ಹೋಗಿ, ಕೆಳಗೆ ಎಲೆ ತೂಗುವವರ ಜೊತೆ ನಿಂತು ನಗುತ್ತಿದ್ದರು.

*

ಇಂದು ಕೋಣೆಗೆ ಬಂದು ಬಾಗಿಲು ಹಾಕಿಕೊಂಡಾಗ ಒಂದೂಮುಕ್ಕಾಲು. ಅವರ ಫೋಲ್ಡರುಗಳಲ್ಲಿ ಹುಡುಕಿದಳು. ಹೆಚ್ಚು ಹುಡುಕಬೇಕಾಗಿರಲಿಲ್ಲ; ಕಡತಕ್ಕೆ ಮಗಳ ಹೆಸರನ್ನೇ ಇಟ್ಟಿದ್ದರು. ಒಳಗೆ ಒಂದೇ ಆದೇಶ: ಮೋನಿಷಾ, ತಂದೆ ದಿನೇಶ್‌ಕುಮಾರ್, ಹುಟ್ಟಿದ ದಿನ, ತಾಯಿಯ ಒಂದು ಫೋನ್ ನಂಬರ್. ಬರೆದ ದಿನಾಂಕ ಒಂಬತ್ತು ವರ್ಷ ಹಳೆಯದು. ಕೊನೆಯ ಸಲ ತೆರೆದದ್ದು ಕಳೆದ ವಾರ.

ಅವಳು ಅದನ್ನು ನಡೆಸಿದಳು. ಕೆಂಪು ಅಕ್ಷರ ಬಂತು.

ಪೂರ್ತಿ ಓದಿದಳು. ತಾಯಿಯ ಸಾಲು ಇಲ್ಲದೆ ಮಗುವಿನ ಸಾಲು ಸೇರುವುದಿಲ್ಲ. ಸರಿ, ಮೊದಲು ಕಮಲಂಳನ್ನು ಸೇರಿಸಲು ನೋಡಿದಳು. ಮತ್ತೆ ಕೆಂಪು. ಮದುವೆಯಾಗಿ ಬಂದ ಹೆಣ್ಣಿಗೆ ಹುಟ್ಟಿದ ಹಟ್ಟಿ ಇರಲೇಬೇಕು, ಖಾಲಿ ಬಿಡುವಂತಿಲ್ಲ. ಹಟ್ಟಿಗಳ ಟೇಬಲ್‌ನಲ್ಲಿ ಗೂಡಲೂರು ಇರಲಿಲ್ಲ. ಕಮಲಂಳ ಸಾಲು ಅಳಿಸಿದ ಮೇಲೆ ಬಂದ ನಿಯಮ ಅದು, ಸಂಘದ ತೀರ್ಮಾನದಂತೆ. ಅದನ್ನೂ ಅವರೇ ಬರೆದಿದ್ದರು. ಮಗಳು ಮರಳಿ ಬರುವ ದಾರಿಗೆ ತಾವೇ ಬೇಲಿ ಹಾಕಿ, ಬೇಲಿಯ ಈಚೆ ಕೂತು ಕಳೆದ ವಾರದವರೆಗೂ ಆ ಕಡತ ತೆರೆದು ನೋಡಿದ್ದರು.

ಸುಲಭದ ದಾರಿ ಒಂದಿತ್ತು. ತಾಯಿಯ ಜಾಗದಲ್ಲಿ ಸತ್ತು ಹೋದ ಯಾವುದಾದರೂ ಹೆಂಗಸಿನ ಹೆಸರು ಕೊಟ್ಟರೆ ಡೇಟಾಬೇಸ್ ಸುಮ್ಮನೆ ಒಪ್ಪುತ್ತಿತ್ತು. ಇಂದು ಒಂದು ಹೆಸರಿನ ಮೇಲೆ ಕರ್ಸರ್ ಇಟ್ಟು, ತೆಗೆದಳು.

ಕಿಟಕಿಯ ಕೆಳಗೆ ಮೈದಾನದಲ್ಲಿ ಜನ ಎದ್ದು ನಿಂತರು. ಎತ್ತುವ ಮುಂಚೆ ಸತ್ತವರ ಪಾಪಗಳನ್ನು ಹೇಳುವ ಹೊತ್ತು. ಜೋಗಿ ಗೌಡರು ಮಂಚದ ತಲೆಯ ಬಳಿ ನಿಂತು ಒಂದೊಂದಾಗಿ ಹೇಳುತ್ತಿದ್ದರು.

“ಮೇಯುವ ಎಮ್ಮೆಗೆ ಕಲ್ಲೆಸೆದಿದ್ದರೆ…”

“ಪಾಪ,” ಎಂದಿತು ಜನ.

“ನೆಂಟರ ಮನೆಯಲ್ಲಿ ಹಾಲು ಉಳಿಸಿ ಎದ್ದಿದ್ದರೆ…”

“ಪಾಪ.”

ಎಲ್ಲರ ಸಾವಿಗೂ ಹೇಳುವ ಪಾಪಗಳು. ಅವನ್ನು ಮಾಡಿದ್ದರೋ ಇಲ್ಲವೋ ಯಾರೂ ಕೇಳುವುದಿಲ್ಲ. ಹೇಳಿದರೆ ಸಾಕು, ಹಗುರಾಗಿ ಹೋಗುತ್ತಾರೆ. ದಿನೇಶ್‌ಕುಮಾರ್ ಮಾಡಿದ ಒಂದು ಮಾತ್ರ ಆ ಪಟ್ಟಿಯಲ್ಲಿ ಬರುವುದಿಲ್ಲವೆಂದು ಇಂದುವಿಗೆ ಗೊತ್ತಿತ್ತು. ಕೆಳಗೆ ಹೋಗಿ ಹೇಳುವ ಗಂಟಲು ಅವಳಿಗಿರಲಿಲ್ಲ.

ಅವಳು ಟೇಬಲ್ ಬದಲಿಸಿದಳು. ಹುಟ್ಟಿದ ಹಟ್ಟಿ ಖಾಲಿ ಇರಬಹುದು. ಊರು ಎಂದು ಹೊಸದೊಂದು ಕಾಲಂ. ಕಮಲಂ, ಗೂಡಲೂರು: ಸೇರಿತು. ಆಮೇಲೆ ಮೋನಿಷಾ. ಒತ್ತಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ; ಬರೆದವಳೇ ಅವಳು.

ಒತ್ತಿದಳು.

“ಕುಡಿವ ನೀರಿನ ದಾರಿ ಮುಚ್ಚಿದ್ದರೆ…”

ಯಾರೂ ಪಾಪ ಎನ್ನಲಿಲ್ಲ. ಮೈದಾನದ ತುಂಬ ಜೇಬುಗಳು, ಸೊಂಟಗಳು, ಕೈಚೀಲಗಳು ಒಟ್ಟಿಗೆ ನಡುಗಿದವು. ಬಿಳಿ ಬಟ್ಟೆಗಳ ಒಳಗಿಂದ ಸಣ್ಣ ಸಣ್ಣ ಬೆಳಕು ಹತ್ತಿತು. ಗೌಡರ ಅಂಗಿಯ ಜೇಬಿನಲ್ಲೂ ಹತ್ತಿತು. ಒಬ್ಬ ತೆಗೆದು ಓದಿದ, ಪಕ್ಕದವನಿಗೆ ತೋರಿಸಿದ. ಮಕ್ಕಳು: ಮೋನಿಷಾ. ತಾಯಿ: ಕಮಲಂ, ಗೂಡಲೂರು.

ಗೌಡರು ತಲೆಯೆತ್ತಿ ಕಿಟಕಿ ನೋಡಿದರು. ಇಂದು ಪಕ್ಕಕ್ಕೆ ಸರಿಯಲಿಲ್ಲ. ಸರಿಯಬೇಕೆಂದು ಹೊಳೆಯಲೂ ಇಲ್ಲ. ಅವಳ ಕಣ್ಣು ಪರದೆಯಲ್ಲಿತ್ತು. ಒಂದು ನಂಬರ್ ಬಿಟ್ಟು ಎಲ್ಲದರ ಮುಂದೆ ‘ತಲುಪಿದೆ’ ಎಂದಿತ್ತು. ಗೂಡಲೂರಿನದು ‘ಕಾಯುತ್ತಿದೆ’.

ಕರೆ ಮಾಡಿದಳು. ಸ್ವಿಚ್ಡ್ ಆಫ್. ಮತ್ತೆ ಮಾಡಿದಳು. ಕೆಳಗೆ ಗೌಡರ ದನಿ ಬಿಟ್ಟಲ್ಲಿಂದ ಮುಂದುವರಿಯಿತು.

*

ಹೂಳುವ ಗುಂಡಿಗೆ ಹೋಗುವ ಚಹಾ ತೋಟದ ದಾರಿಯಲ್ಲಿ ಗೌಡರು ಹೆಜ್ಜೆ ನಿಧಾನಿಸಿ ಅವಳ ಪಕ್ಕಕ್ಕೆ ಬಂದರು. ಸಿಟ್ಟೇನೂ ಇಲ್ಲದ ದನಿಯಲ್ಲಿ ಹೇಳಿದರು, “ನಾಳೆ ರೂಮಿನ ಬೀಗದಕೈ ತಂದು ಮನೇಲಿ ಕೊಡು.”

“ಸೆರಿ ಗೌಡ್ರೇ.” ಸ್ವಲ್ಪ ನಡೆದು, ನೆಲ ನೋಡುತ್ತ ಕೇಳಿದಳು, “ಒಂದು ಗಂಟೆ ಕಾಯಬಹುದಾ?”

“ಯಾರಿಗೆ? ಬರ್ತೀನಿ ಅಂದಳಾ?”

ಇಂದು ಮತ್ತೆ ಆ ನಂಬರ್ ಒತ್ತಿದಳು; ಸ್ವಿಚ್ಡ್ ಆಫ್. ಯಾರೂ ಕಾಯಲಿಲ್ಲ. ಗಂಡಸರು ಮಣ್ಣು ಎಳೆದರು. ಮಕ್ಕಳು ಹಾಕಬೇಕಾದ ಕೊನೆಯ ಹಿಡಿ ಮಣ್ಣಿಗೆ ಒಡಹುಟ್ಟಿದವರನ್ನು ಕರೆದರು. ವಸಂತಾಮಣಿ ಬಗ್ಗಿ ಮುಷ್ಟಿ ತುಂಬಿಕೊಂಡಳು.

ಅಷ್ಟರಲ್ಲಿ ಇಂದುವಿನ ಕೈಯಲ್ಲಿ ಫೋನ್ ನಡುಗಿತು. ಗಂಟೆ ನಾಲ್ಕು ಹತ್ತು. ಗೂಡಲೂರಿನ ನಂಬರ್. ಅವಳು ಎರಡು ಚಹಾ ಸಾಲು ಆಚೆ ಹೋಗಿ ಕಿವಿಗಿಟ್ಟಳು.

“ಯಾರು ಇದು?” ಹುಡುಗಿಯ ದನಿ. “ಅಮ್ಮನ ಫೋನಿಗೆ ಒಂದು ಮೆಸೇಜ್ ಬಂದಿದೆ. ಕರೆಂಟ್ ಇರಲಿಲ್ಲ, ಈಗ ನೋಡಿದ್ವಿ. ನನ್ನ ಹೆಸರು ಇದೆ ಇದರಲ್ಲಿ. ಯಾರು ಹಾಕಿದ್ದು?”

“ನಾನು… ಅಲ್ಲ. ನಿಮ್ಮ ಅಪ್ಪ ಬರೆದಿಟ್ಟಿದ್ರು.”

ಆ ಕಡೆ ಹುಡುಗಿ ಸಂದೇಶವನ್ನು ಮೆಲ್ಲಗೆ ಮತ್ತೆ ಓದಿಕೊಂಡಳು.

“ಮೂರು ಗಂಟೆ ಅಂತ ಇದೆ. ಆಗಿಹೋಯ್ತಾ? ಈಗ ಬಸ್ ಹತ್ತಿದ್ರೆ ಮುಖ ಸಿಗುತ್ತಾ?”

ಇಂದು ತಿರುಗಿ ನೋಡಿದಳು. ಮಣ್ಣು ಸಮವಾಗಿತ್ತು. ಫೋನಿನಿಂದ ಹಲೋ, ಹಲೋ ಎಂಬುದು ಗುಂಡಿಯವರೆಗೂ ಸಣ್ಣದಾಗಿ ಕೇಳಿಸಿತು.

“ಹಾಕು ವಸಂತಾ,” ಎಂದರು ಗೌಡರು. “ನಿಂದೇ ಕಡೇದು.”

ವಸಂತಾಮಣಿ ಇಂದುವನ್ನೂ ಅವಳ ಕಿವಿಯ ಫೋನನ್ನೂ ನೋಡಿದಳು. ಮುಷ್ಟಿ ಸಡಿಲಿಸಿ ಅರ್ಧ ಮಣ್ಣು ಗುಂಡಿಯ ಮೇಲೆ ಬಿಟ್ಟಳು. ಉಳಿದರ್ಧವನ್ನು ಹೊದ್ದ ಬಿಳಿ ಬಟ್ಟೆಯ ತುದಿಗೆ ಸುರುವಿಕೊಂಡು, ಹಲ್ಲಿನಲ್ಲಿ ಎಳೆದು ಗಂಟು ಬಿಗಿದಳು.