ಹವಳದ ರೋಜಾ

ಹವಳವೆಂದರೆ ಕೊರಳಲ್ಲಿ ಕಟ್ಟಿಕೊಳ್ಳುವುದು ಎಂದಷ್ಟೇ ನಮ್ಮ ಇಳಕಲ್ಲಿನ ಹೆಂಗಸರಿಗೆ ಗೊತ್ತಿತ್ತು. ಅದಕ್ಕೂ ಬಾಯಿ ಇರುತ್ತದೆ, ಹಸಿವೆ ಇರುತ್ತದೆ ಎಂದು ತೋರಿಸಿದವನು ಪಕ್ಕದ ಮನೆಯ ಮುರ್ತುಜಸಾಬ. ಕೆಂಪು ಕಲ್ಲಿನ ದಿಮ್ಮಿಗಳನ್ನು ಲಾರಿಯಲ್ಲಿ ಗೋವೆಯ ಬಂದರಿಗೆ ಮುಟ್ಟಿಸುವುದು ಅವನ ಕೆಲಸ. ಊರು ಬಿಟ್ಟು ಹೊರಟಿದ್ದ ಹಡಗಿನ ಸಾಹೇಬನೊಬ್ಬ ಗಾಜಿನ ತೊಟ್ಟಿ, ಗುಳ್ಳೆ ಬಿಡುವ ಸಣ್ಣ ಮೋಟಾರು, ಜೊತೆಗೊಂದು ಜೀವಂತ ಹವಳವನ್ನು ಅವನ ಕೈಗೆ ಹಾಕಿದ್ದ. ಅಂದಿನಿಂದ ಪ್ರತಿ ಖೇಪಿಗೂ ಕ್ಯಾನು ತುಂಬಿ ಸಮುದ್ರದ ನೀರು ಬರತೊಡಗಿತು. ಹೋಗುವಾಗ ಕಲ್ಲು, ಬರುವಾಗ ಉಪ್ಪುನೀರು, ಒಳ್ಳೆಯ ವ್ಯಾಪಾರ ಎಂದು ಓಣಿ ನಕ್ಕಿತು. ನಾನೂ ನಕ್ಕೆ.

ಹಗಲೆಲ್ಲ ಅದು ಬರೀ ಕಂದು ಕಲ್ಲು. ಹೊತ್ತು ಮುಳುಗಿದರೆ ಮಾತ್ರ ಮೈತುಂಬ ಪುಟ್ಟ ಬಾಯಿಗಳು ಅರಳುತ್ತಿದ್ದವು. ಮುರ್ತುಜಸಾಬ ಒಣ ಸೀಗಡಿಯ ಪುಡಿಯನ್ನು ಚಿಟಿಕೆಯಷ್ಟು ನೆನೆಸಿ, ಪೆನ್ನಿಗೆ ಶಾಯಿ ಹಾಕುವ ಪಿಲ್ಲರಿನಿಂದ ಬಾಯಿಗೊಂದು ಹನಿ ಬಿಡುತ್ತಿದ್ದ. ಆಮೇಲೆ ಸಣ್ಣ ನಳಿಗೆಯಿಂದ ಉಳಿದದ್ದನ್ನೆಲ್ಲ ಹೀರಿ ತೆಗೆದು, ಗಾಜು ಒರೆಸುತ್ತಿದ್ದ. ಸೀಗಡಿಯ ವಾಸನೆಗೆ ನಾನು ಸೆರಗನ್ನು ಮೂಗಿಗೆ ಹಿಡಿದರೆ ನಗುತ್ತಿದ್ದ.

"ಇಂದ್ರವ್ವಕ್ಕಾ, ಇದಕ್ಕ ನಿಮ್ಮ ಹುಗ್ಗಿ ನಡೆಂಗಿಲ್ರಿ. ಅದೇನಿದ್ರೂ ನನಗ ಕೊಡ್ರಿ."

ಎಂಬತ್ತಮೂರರಲ್ಲಿ ರಂಜಾನ್ ಮಳೆಗಾಲಕ್ಕೆ ಬಿತ್ತು. ಖೇಪಿಗೆ ಹೊರಟವನು ಹೆಂಡತಿ ದೌಲತಬಿಗೆ ಹೊಸ್ತಿಲಲ್ಲಿ ನಿಂತು ಮತ್ತೆ ಮತ್ತೆ ಹೇಳಿದ. "ಚಿಟಿಕಿ ಅಂದ್ರ ಚಿಟಿಕಿ. ಹೊಟ್ಟಿಗೆ ಹೋದದ್ದು ಅದರದು, ಉಳಿದದ್ದು ವಿಷ."

ಘಟ್ಟದಲ್ಲಿ ಗುಡ್ಡ ಕುಸಿದು ಲಾರಿ ಅಲ್ಲೇ ಸಿಕ್ಕಿಬಿತ್ತು. ಇಲ್ಲಿ ದೌಲತಬಿ ದಿನವೆಲ್ಲ ಹನಿ ನೀರು ಮುಟ್ಟದೆ, ಮಸೀದಿಯ ಬಾಂಗ್ ಕೇಳಿ ಖರ್ಜೂರ ಬಾಯಿಗಿಡುವ ಹೊತ್ತು, ತೊಟ್ಟಿಯಲ್ಲೂ ಅಷ್ಟೂ ಬಾಯಿ ತೆರೆಯುತ್ತಿದ್ದವು. ಆಕೆಯೋ, ಬಾಗಿಲಿಗೆ ಬಂದ ನಾಯಿಯನ್ನೂ ಉಣಿಸದೆ ಕಳಿಸಿದವಳಲ್ಲ.

"ನೋಡಕ್ಕಾ, ಇವೂ ರೋಜಾ ಅದಾವು. ದಿನಾ ಉಪವಾಸ ಇದ್ದವರಿಗೆ ಚಿಟಿಕಿ ಹಾಕ್ತಾರೇನು?"

ಒಂದು ದಿನ ಹಿಡಿ ಪುಡಿ ಹಾಕಿದಳು. ಮರುದಿನ ಖೀಮಾ ಅರೆದು ಹಾಕಿದಳು. ತುಂಬಿದ ಬಾಯಿಯ ಮುಂದಿನದನ್ನು ಹೀರಿ ತೆಗೆಯುವುದೆಂದರೆ ಉಣ್ಣುವವರ ಮುಂದಿನ ತಾಟು ಕಸಿದ ಹಾಗೆ ಎಂದು ನಳಿಗೆಯನ್ನು ಮುಟ್ಟಲೇ ಇಲ್ಲ. ನೀರು ಗಂಜಿಯಾಯಿತು, ಮನೆಯೆಲ್ಲ ನಾರಿತು. ಮುರ್ತುಜಸಾಬ ಮನೆ ಸೇರುವಷ್ಟರಲ್ಲಿ ಹವಳ ಬೋಳು ಬಿಳಿ ಕಲ್ಲಾಗಿತ್ತು.

ಅವನು ಬೈದಿದ್ದರೆ ಚೆನ್ನಾಗಿತ್ತು. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಅಂದ: "ಪ್ರೀತಿಲೇ ಕೊಂದಿ ನೋಡು, ದೌಲತ."

ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆಡಿದವನು ಮರೆತ, ಕೇಳಿದವಳು ಮರೆಯಲಿಲ್ಲ. ಖಾಲಿ ತೊಟ್ಟಿ ಅಟ್ಟ ಸೇರಿತು. ಪಿಲ್ಲರನ್ನು ಮಾತ್ರ ಆಕೆ ತೊಳೆದು ಗೂಡಿನಲ್ಲಿಟ್ಟುಕೊಂಡಳು. ಬಡಿಸುವ ಕೈಯೂ ಬಿಗಿಯಾಯಿತು.

ಮರುವರ್ಷ ಮುರ್ತುಜಸಾಬನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಕೊಯ್ದು ನೋಡಿ, ಹಾಗೇ ಹೊಲಿದರು. ಮೊದಮೊದಲು ಚಮಚೆ ಲೆಕ್ಕದಲ್ಲಿ ಗಂಜಿ ಎಂದಿದ್ದ ಡಾಕ್ಟರು, ನಾನು ನೋಡಲು ಹೋದ ದಿನ ದೌಲತಬಿಯನ್ನೂ ನನ್ನನ್ನೂ ಪಡಸಾಲೆಗೆ ಕರೆದರು.

"ಇನ್ನ ಪಥ್ಯ ಏನೂ ಬ್ಯಾಡ್ರಿ. ಅವರ ಮನಸ್ಸಿಗೆ ಬಂದದ್ದು ಕೊಡ್ರಿ."

ಹಾಗಂದರೆ ಏನೆಂದು ನನಗೆ ತಿಳಿಯಿತು. ಮುರ್ತುಜಸಾಬ ಕೇಳಿದ್ದಾನೆಂದೇ ಡಬ್ಬಿಯಲ್ಲಿ ಗೋದಿ ಹುಗ್ಗಿ ಒಯ್ದಿದ್ದೆ. ಮಂಚದ ಬಳಿಗೆ ಮರಳಿ ಮುಚ್ಚಳ ತೆಗೆದದ್ದೇ ಬೆಲ್ಲದ ವಾಸನೆಗೆ ಅವನ ಕಣ್ಣು ಹೊಳೆದವು.

ದೌಲತಬಿ ಡಬ್ಬಿಯ ಮೇಲೆ ಅಂಗೈ ಇಟ್ಟಳು.

"ಡಾಕ್ಟರೇ ಹೇಳ್ಯಾರಲ್ಲವ್ವಾ, ಹೊಟ್ಟಿತುಂಬ ಉಣ್ಣಲಿ ಬಿಡು" ಅಂದೆ.

"ಡಾಕ್ಟರಿಗೇನು ಗೊತ್ತಕ್ಕಾ? ಬಾಯಿ ತೆರೀತಂತ ಹಾಕಿದ್ರ ಏನಾಗತೈತಿ ಅನ್ನೋದು ನಾ ಕಣ್ಣಾರೆ ನೋಡೇನಿ."

ಸೆರಗಿನ ಗಂಟು ಬಿಚ್ಚಿ ಪಿಲ್ಲರು ತೆಗೆದಳು. ಹುಗ್ಗಿಯ ಮೇಲಿನ ಹಾಲನ್ನಷ್ಟೇ ಎಳೆದು ಅವನ ನಾಲಿಗೆಗೆ ಒಂದು ಹನಿ ಬಿಟ್ಟಳು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ಇನ್ನೊಂದು ಹನಿ ಬಿಟ್ಟು ಮತ್ತೆ ಒರೆಸಿದಳು. ಎಷ್ಟು ನಾಜೂಕಿನ ಕೈ ಅದು! ಬೈಯಲು ಬಾಯಿ ತೆರೆದ ನಾನೇ ಡಬ್ಬಿಯನ್ನು ಆಕೆಯತ್ತ ಓರೆ ಮಾಡಿ ಹಿಡಿದೆ.

"ಒಂದ ತುತ್ತು ಕೊಡು, ದೌಲತ. ಹಸಿವ್ಯಾಗೇತಿ."

"ಇವತ್ತಿಗೆ ಸಾಕ್ರಿ. ನಾಳೆ ಕೊಡ್ತೇನಿ, ದಿನಾ ಕೊಡ್ತೇನಿ. ನೀವು ಇರ್ರಿ ಅಷ್ಟ."

ಅವನು ಮತ್ತೆ ಕೇಳಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ, ಬಾಯಿ ತೆರೆದುಕೊಂಡು ಮಲಗಿದ್ದ. ಕಿಟಕಿಯಾಚೆ ಹೊತ್ತು ಮುಳುಗಿ, ದೂರದ ಮಸೀದಿಯಲ್ಲಿ ಬಾಂಗ್ ಆಗುವಾಗ ಉಸಿರು ನಿಂತಿತು. ಬಾಯಿ ತೆರೆದೇ ಇತ್ತು.

ದೌಲತಬಿ ಅಳಲಿಲ್ಲ. ಹುಗ್ಗಿಯ ಡಬ್ಬಿಯನ್ನು ಬಾಗಿ ನೋಡಿದಳು, ಅದು ತುಂಬಿದಂತೇ ಇತ್ತು. ಆಮೇಲೆ ನನ್ನ ಕೈ ಹಿಡಿದು ಕೇಳಿದಳು.

"ಅಕ್ಕಾ, ಈ ಸಲ ನಾ ಹೆಚ್ಚಿಗಿ ಹಾಕಲಿಲ್ಲ, ಹೌದಲ್ಲ?"

"ಇಲ್ಲವ್ವಾ" ಅಂದೆ. "ಹಾಕಲಿಲ್ಲ."