ಮಂಚದ ಕೆಳಗಿನ ಕಾವು

ಟಕ್.

ವ್ಯಾನಿನೊಳಗಿನ ಮಂಚದ ಕೆಳಗೆ, ಸರಿಯಾಗಿ ನನ್ನ ತಲೆಯ ನೇರಕ್ಕೆ, ನಡುರಾತ್ರಿ ಆ ಸಪ್ಪಳ ಬರುತ್ತಿತ್ತು. ಉಗುರಿನಿಂದ ತಗಡನ್ನು ಒಮ್ಮೆ ತಟ್ಟಿದಷ್ಟೇ ಸಣ್ಣದು. ಬೇರೆಯವರು ಕೇಳಿದರೆ ಹಲ್ಲಿಯೆಂದುಕೊಂಡು ಮಗ್ಗುಲಾಗುತ್ತಿದ್ದರು. ನನಗೆ ಅದರ ಅರ್ಥ ಗೊತ್ತಿತ್ತು. ಚಾರ್ಜರು ಕಾದು ತನ್ನಷ್ಟಕ್ಕೆ ತಾನೇ ನಿಂತಿದೆ. ಇನ್ನು ಮೂರು ತಾಸು ಬ್ಯಾಟರಿ ತನ್ನಲ್ಲಿದ್ದುದನ್ನು ಕೊಡುತ್ತದೆ. ಅಷ್ಟರೊಳಗೆ ಚಾರ್ಜರು ತಣ್ಣಗಾಗಿ ಇನ್ನೊಮ್ಮೆ ಟಕ್ ಎನ್ನದಿದ್ದರೆ ಅತ್ತೆಯ ಆಕ್ಸಿಜನ್ ಮಷೀನು ನಿಲ್ಲುತ್ತದೆ.

ಇದನ್ನು ಬರೆಯುತ್ತಿರುವ ಹೊತ್ತಿಗೆ ಆ ವ್ಯಾನಿನಲ್ಲಿ ನನ್ನ ಜೊತೆಗಿದ್ದ ಇಬ್ಬರೂ ಇಲ್ಲ. ಸಿಟ್ಟು ಇದೆ. ಅದಕ್ಕೆ ವಯಸ್ಸಾದ ಹಾಗೆ ಕಾಣುವುದಿಲ್ಲ.

ನನ್ನ ಗಂಡ ರುದ್ರಮುನಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಅವರ ತಂಗಿ ದಾನಮ್ಮನಿಗೆ ಮದುವೆಯಾದ ಹನ್ನೊಂದನೆಯ ವರ್ಷ ಹೆಣ್ಣು ಕೂಸು ಹುಟ್ಟಿತು. ಐದನೆಯ ತಿಂಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಾನು ಅಲ್ಲಿರಲೇಬೇಕೆಂದು ನನ್ನ ಅತ್ತೆ ಬಸಲಿಂಗವ್ವ ಹಟ ಹಿಡಿದರು. ಮೂರು ದಿನದ ದಾರಿ. ಮೂಗಿಗೆ ನಳಿಗೆ ಹಾಕಿಕೊಂಡೇ ಮಲಗಬೇಕಾದ ಹೆಂಗಸನ್ನು ಬಸ್ಸಿನಲ್ಲಿ ಕರೆದೊಯ್ಯುವುದು ಹೇಗೆ? ಗಂಡ ಒಂದು ಹಳೆಯ ಶಾಲಾ ವ್ಯಾನು ಕೊಂಡು, ಸೀಟುಗಳನ್ನು ಕಿತ್ತು, ಎದುರುಬದುರು ಎರಡು ಮಂಚ, ಒಂದು ಸ್ಟೋವಿನ ಕಟ್ಟೆ, ನೀರಿನ ಡ್ರಮ್ಮು ಕೂಡಿಸಿದರು. ಬೀದಿಯ ಜನ ಬಂದು ನೋಡಿ ಮೆಚ್ಚಿಕೊಂಡು ಹೋದರು. ನಾನೂ ಮೆಚ್ಚಿದ್ದೆ, ಚಾರ್ಜರಿನ ಪೆಟ್ಟಿಗೆಯನ್ನು ನೋಡುವವರೆಗೆ.

ಊರೂರಿನ ಕರೆಂಟು ಏರಿಳಿಯುತ್ತದೆ, ಮಷೀನನ್ನು ನೇರ ಗೋಡೆಗೆ ಚುಚ್ಚಬೇಡಿ ಎಂದು ಅದನ್ನು ಕೊಟ್ಟವರು ಹೇಳಿದ್ದರು. ಹಾಗಾಗಿ ತಂಗುವ ಕಡೆ ತಂತಿ ಎಳೆದು ಚಾರ್ಜರಿಗೆ, ಚಾರ್ಜರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮಷೀನಿಗೆ ಎಂದು ಏರ್ಪಾಡು. ಆ ಚಾರ್ಜರನ್ನು ಅವರು ನನ್ನ ಮಂಚದ ಕೆಳಗೆ, ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ, ಬೆರಳು ತೂರದ ಹಾಗೆ ಕೂರಿಸಿಬಿಟ್ಟರು. ಮನೆಯ ಮುಂದೆಯೇ ವ್ಯಾನು ನಿಲ್ಲಿಸಿ ಪರೀಕ್ಷೆ ಮಾಡಿದ ಮೊದಲ ರಾತ್ರಿಯೇ ನಾನು ಆ ಟಕ್ ಕೇಳಿದೆ.

ಚಾರ್ಜರಿನ ಜೊತೆ ಬಂದ ಪುಸ್ತಿಕೆಯನ್ನು ಅವರು ರದ್ದಿಯ ಜೊತೆ ಹಾಕಿದ್ದರು. ನಾನು ಹುಡುಕಿ ತೆಗೆದು ಓದಿದೆ. ನಾಲ್ಕೂ ಕಡೆ ಒಂದು ಗೇಣು ಜಾಗ ಬಿಡಬೇಕು, ಮುಚ್ಚಿದ ಕಡೆ ಇಡಬಾರದು ಎಂದು ಮೂರನೆಯ ಪುಟದಲ್ಲಿ ಸ್ಪಷ್ಟವಾಗಿತ್ತು. ಪೆಟ್ಟಿಗೆ ತೆಗೆದು ಅದನ್ನು ಹೊರಗಿಡಿ ಎಂದೆ. ಅವರು ಸ್ಕ್ರೂ ತಿರುಗಿಸುತ್ತಲೇ ನಕ್ಕರು.

"ನಿನಗ ಅಕ್ಷರದ ತಪ್ಪು ತಿಳಿತೈತಿ. ಕರೆಂಟಿನ ತಪ್ಪು ನನಗ ಬಿಡು."

ಎದುರಿಗೆ ಅವರ ಇಬ್ಬರು ಸಹೋದ್ಯೋಗಿಗಳಿದ್ದರು. ಅವರೂ ನಕ್ಕರು. ಆ ನಗೆಗೆ ಉತ್ತರವಾಗಿ ನಾನು ಚಹಾ ತಂದುಕೊಟ್ಟೆ. ಹದಿನೈದು ವರ್ಷದ ಸಂಸಾರದಲ್ಲಿ ನನ್ನ ಸಿಟ್ಟೆಲ್ಲ ಹೀಗೆ ಸಕ್ಕರೆ ಬೆರೆಸಿಕೊಂಡು ಬಸಿಯಲ್ಲಿ ಕೂತು ಹೊರಗೆ ಬಂದಿದೆ.

ಆಮೇಲೆ ಶುರುವಾಯಿತು ಅವರ ಸಾಹಸ. ನನ್ನ ಅಲ್ಯೂಮಿನಿಯಂ ದೋಸೆಹಂಚನ್ನು ನನ್ನನ್ನು ಕೇಳದೆ ಗರಗಸದಿಂದ ಸೀಳಿ, ಆ ಪಟ್ಟಿಗಳನ್ನು ಚಾರ್ಜರಿನ ಬೆನ್ನಿಗೆ ಬಾಚಣಿಗೆಯ ಹಲ್ಲಿನಂತೆ ಜೋಡಿಸಿದರು. ಕಾವು ಅವುಗಳಿಗೆ ಹರಿದು ಗಾಳಿಗೆ ಹೋಗುತ್ತದಂತೆ. ಹೋಗುವುದಕ್ಕೆ ಪೆಟ್ಟಿಗೆಯಲ್ಲಿ ಗಾಳಿಯೇ ಇರಲಿಲ್ಲ. ಎರಡು ದಿನ ಒದ್ದೆ ಗೋಣಿತಾಟು ಸುತ್ತಲು ಹೋಗಿ, ಕರೆಂಟಿನ ಹತ್ತಿರ ನೀರೇ ಎಂದು ನಾನು ಕೂಗಾಡಿದ ಮೇಲೆ ಬಿಟ್ಟರು. ಕೊನೆಗೆ ಶಾಲೆಯ ಕೆಟ್ಟ ಕಂಪ್ಯೂಟರುಗಳಿಂದ ಎರಡು ಪುಟ್ಟ ಫ್ಯಾನುಗಳನ್ನು ತಂದು, ಪೆಟ್ಟಿಗೆಗೆ ಎರಡು ತೂತು ಕೊರೆದು, ಒಂದು ತಣ್ಣನೆಯ ಗಾಳಿಯನ್ನು ಒಳಗೆಳೆಯುವಂತೆ, ಇನ್ನೊಂದು ಬಿಸಿಗಾಳಿಯನ್ನು ಹೊರಗೆ ದೂಡುವಂತೆ ಕೂರಿಸಿದರು. ಆ ರಾತ್ರಿ ಟಕ್ ಬರಲಿಲ್ಲ. ಮರುರಾತ್ರಿಯೂ ಬರಲಿಲ್ಲ. ಅವರು ಗೆದ್ದಿದ್ದರು, ನನಗೆ ಅದಕ್ಕೂ ಸಿಟ್ಟು ಬಂತು.

ಆದರೆ ಹೊರಗೆ ದೂಡುವ ಫ್ಯಾನಿನ ರೆಕ್ಕೆ ಎಲ್ಲೋ ಅಂಚಿಗೆ ತಾಗುತ್ತಿತ್ತು. ಗರ ಗರ ಗರ ಎಂದು ರಾತ್ರಿಯಿಡೀ ಸವೆಯುತ್ತಿತ್ತು. ಟಕ್ ಬಂದರೆ ಭಯ ಎಂದು ಮಲಗುತ್ತಿರಲಿಲ್ಲ, ಈಗ ಗರಗರ ನಿಂತರೆ ಭಯ ಎಂದು ಮಲಗಲಿಲ್ಲ. ಪ್ರಯಾಣದ ಮೊದಲ ರಾತ್ರಿ ನಾಲ್ಕು ಸಲ ಎದ್ದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದೆ. ಮುಂದಿನ ಸೀಟಿನಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದರು. ಎದುರು ಮಂಚದಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಮಲಗಿದ್ದಾರೆಂದೇ ತಿಳಿದಿದ್ದೆ.

ಹಗಲೆಲ್ಲ ಅವರು ಓಡುವ ವ್ಯಾನಿನಲ್ಲಿ ಕೂತು ಕೂಸಿಗೆ ಕೌದಿ ಹೊಲಿಯುತ್ತಿದ್ದರು. ಮನೆತನದ ಹೆಂಗಸರ ಹಳೆಯ ಸೀರೆಗಳನ್ನು ಕೇಳಿ ಪಡೆದು, ತುಂಡು ಮಾಡಿ, ಒಂದರ ಮೇಲೊಂದು ಹಾಸಿ ಹೊಲಿದ ಕೌದಿಯಲ್ಲೇ ತೊಟ್ಟಿಲಿನಲ್ಲಿ ಕೂಸಿನ ಮೊದಲ ನಿದ್ದೆಯಾಗಬೇಕೆಂಬುದು ಅವರ ಕಡೆಯ ಪದ್ಧತಿ. ನಾನು ಕಾಲೇಜಿನಲ್ಲಿ ಉಡುತ್ತಿದ್ದ ನೀಲಿ ಸೀರೆ ಕೊಟ್ಟಿದ್ದೆ. ತೊಳೆದು ತೊಳೆದು ಅದು ಬೆಣ್ಣೆಯಷ್ಟು ಮೆತ್ತಗಾಗಿತ್ತು. "ನಿನ್ನ ಸೀರಿ ಕೂಸಿನ ಗಲ್ಲದ ಕಡೆ ಇಡತೀನಿ," ಎಂದಿದ್ದರು ಅತ್ತೆ. ನನಗೆ ಮಕ್ಕಳಿರಲಿಲ್ಲ. ಆ ಮಾತನ್ನು ಅವರು ಬೇರೆ ಏನನ್ನೂ ಸೇರಿಸದೆ ಹೇಳಿದ್ದು ನನಗೆ ಇಷ್ಟವಾಗಿತ್ತು.

ಎರಡನೆಯ ರಾತ್ರಿ ಒಂದು ಪಟ್ಟಣದ ಛತ್ರದ ಅಂಗಳದಲ್ಲಿ ತಂಗಿದೆವು. ಕಲ್ಲುಹಾಸು ಹಗಲಿನ ಬಿಸಿಲನ್ನು ಕತ್ತಲಾದ ಮೇಲೂ ಕಕ್ಕುತ್ತಿತ್ತು. ಛತ್ರದವನಿಗೆ ಹೇಳಿ ತಂತಿ ಎಳೆದೆವು. ಊಟವಾಯಿತು. ಫ್ಯಾನು ಗರಗುಟ್ಟುತ್ತಿದ್ದುದನ್ನು ಕೇಳುತ್ತಾ ಒರಗಿದ್ದು ನೆನಪಿದೆ. ಆಮೇಲೆ ನಾನು ನಿದ್ದೆ ಹೋದೆ. ತಿಂಗಳುಗಳಿಂದ ಬಾರದಿದ್ದ ನಿದ್ದೆಯೊಳಗೆ ಬಾವಿಗೆ ಬಿದ್ದ ಕೊಡದಂತೆ ಮುಳುಗಿದೆ.

ಎಚ್ಚರಿಸಿದ್ದು ಮಷೀನಿನ ಉದ್ದನೆಯ ಕೂಗು. ಅತ್ತೆ ಎದ್ದು ಕೂತು ಎರಡೂ ಕೈಯಿಂದ ಮಂಚದ ಅಂಚನ್ನು ಹಿಡಿದುಕೊಂಡಿದ್ದರು. ಬಾಯಿ ತೆರೆದಿತ್ತು, ತುಟಿ ನೇರಳೆಯಾಗಿತ್ತು. ಅವರ ಬೆನ್ನಿಗೆ ನನ್ನ ಎದೆ ಕೊಟ್ಟು ಕೂತು ಗಂಡನನ್ನು ಕೂಗಿದೆ. ಅವರು ಬೀಗದ ಕೈ ಹುಡುಕಿದರು, ಬೀಳಿಸಿದರು, ಮತ್ತೆ ಹುಡುಕಿದರು. ಇಂಜಿನು ಹೊತ್ತಿಕೊಂಡು, ಅದರ ಕರೆಂಟು ಬ್ಯಾಟರಿಗೆ ಹರಿದು, ಮಷೀನು ಮತ್ತೆ ಉಸಿರಾಡುವವರೆಗೆ ಎಷ್ಟು ಹೊತ್ತಾಯಿತೋ. ಅತ್ತೆಯ ಬೆನ್ನೆಲುಬು ನನ್ನ ಎದೆಗೆ ಒತ್ತಿ ಒತ್ತಿ ಹಿಂದೆಗೆಯುತ್ತಿದ್ದುದನ್ನು ಮಾತ್ರ ಎಣಿಸುತ್ತಿದ್ದೆ. ನಿಧಾನಕ್ಕೆ ತುಟಿಯ ಬಣ್ಣ ತಿಳಿಯಾಯಿತು. ಅವರು ನನ್ನ ತೋಳಿಗೆ ತಲೆಯಿಟ್ಟು ಕಣ್ಣು ಮುಚ್ಚಿದರು.

ಗಂಡ ಪೆಟ್ಟಿಗೆ ತೆರೆದರು. ಸುಟ್ಟ ವಾರ್ನಿಷಿನ ವಾಸನೆ ಮುಖಕ್ಕೆ ಹೊಡೆಯಿತು. ಬಿಸಿಗಾಳಿ ದೂಡುವ ಫ್ಯಾನಿನ ತೂತಿನಿಂದ ಅವರು ಏನನ್ನೋ ಎಳೆದರು, ಬರಲಿಲ್ಲ, ಇನ್ನೊಮ್ಮೆ ಎಳೆದರು. ನಾಲ್ಕು ಮಡಿಕೆ ಮಾಡಿ ಬಿಗಿಯಾಗಿ ತುರುಕಿದ್ದ ನೀಲಿ ಬಟ್ಟೆ. ನನ್ನ ಸೀರೆಯ ತುಂಡು.

ಅದನ್ನು ನನ್ನ ಮುಖದ ಮುಂದೆ ಹಿಡಿದರು. ಬಹಳ ಮೆಲ್ಲಗೆ ಮಾತಾಡಿದರು.

"ಸಪ್ಪಳಕ್ಕ ನಿನಗ ನಿದ್ದಿ ಬರಲಿಲ್ಲ ಅಂತ ನನ್ನ ಅವ್ವನ ಉಸಿರು ಕಟ್ಟಿದಿ."

"ನಾನಲ್ಲ," ಎಂದೆ.

"ಮತ್ತ ಯಾರು? ನಾನಾ? ಇಲ್ಲಾ ಅವ್ವ ತಾನs ತುರುಕಿಕೊಂಡ್ಲಾ?"

ಕೌದಿಯ ಚೀಲದಿಂದ ಜಾರಿ ಬಿದ್ದಿರಬಹುದು ಎಂದೆ. ಜಾರಿ ಬಿದ್ದ ಬಟ್ಟೆ ತನ್ನನ್ನು ತಾನು ಮಡಚಿಕೊಳ್ಳುವುದಿಲ್ಲ ಎಂಬುದು ಆ ಮಾತು ಆಡುತ್ತಿದ್ದಾಗಲೇ ನನಗೂ ಹೊಳೆದಿತ್ತು. ಅವರು ಬಟ್ಟೆಯನ್ನು ನನ್ನ ಮಡಿಲಿಗೆ ಎಸೆದು ಇಂಜಿನಿನ ಬಳಿ ಹೋಗಿ ಬೆಳಗಾಗುವವರೆಗೆ ಕೂತರು.

ಮರುದಿನದ ದಾರಿಯುದ್ದಕ್ಕೂ ಅವರು ನನ್ನ ಜೊತೆ ಮಾತಾಡಲಿಲ್ಲ. ಚಹಾದಂಗಡಿಯಲ್ಲಿ ಮಾತ್ರ, ಹಿಂದೆಂದೂ ಕಾಣದ ಒಬ್ಬ ಲಾರಿ ಚಾಲಕನಿಗೆ, ಓದಿದ ಹೆಂಗಸರಿಗೆ ತಮ್ಮ ನಿದ್ದೆಯೇ ದೊಡ್ಡದು ಎಂದು ನನಗೆ ಕೇಳುವ ಹಾಗೆ ಹೇಳಿದರು. ನನ್ನ ಕಿವಿ ಸುಡುತ್ತಿತ್ತು. ತಿಂಗಳುಗಟ್ಟಲೆ ಅವರ ತಾಯಿಯ ಒಂದೊಂದು ಉಸಿರಿಗೆ ಕಾವಲು ಕೂತವಳು ನಾನು. ಪುಸ್ತಿಕೆ ಓದಿದವಳು ನಾನು. ಪೆಟ್ಟಿಗೆ ತೆಗೆಯಿರಿ ಎಂದು ಎಷ್ಟು ಸಲ ಹೇಳಿದೆನೋ. ಪೆಟ್ಟಿಗೆಯೇ ಇಲ್ಲದಿದ್ದರೆ ತೂತೂ ಇಲ್ಲ, ಮುಚ್ಚುವುದೂ ಇಲ್ಲ. ದಾನಮ್ಮನ ಮನೆ ತಲುಪಿದ ಕೂಡಲೇ ಎಲ್ಲರ ಎದುರು ಆ ಮೂರನೆಯ ಪುಟ ತೆರೆದು ಓದುತ್ತೇನೆ, ಒಂದೊಂದು ಪದವನ್ನೂ ಬಿಡಿಸಿ ಓದುತ್ತೇನೆ ಎಂದುಕೊಂಡೆ. ಆಡಬೇಕಾದ ಮಾತುಗಳನ್ನು ಕರಡು ತಿದ್ದುವಂತೆ ಮನಸ್ಸಿನಲ್ಲೇ ತಿದ್ದಿ ತಿದ್ದಿ ಚೂಪು ಮಾಡಿದೆ.

ಮಧ್ಯಾಹ್ನ ಗಂಡ ಒಂದು ಕೈಪಂಪಿನ ಬಳಿ ವ್ಯಾನು ನಿಲ್ಲಿಸಿ ನೀರು ತರಲು ಇಳಿದರು. ಅತ್ತೆ ಸೂಜಿ ಚಾಚಿ ದಾರ ಪೋಣಿಸಿಕೊಡು ಎಂದರು. ಪೋಣಿಸಿಕೊಟ್ಟೆ. ಅವರು ಹೊಲಿಯಲಿಲ್ಲ.

"ನಾನs ತುರುಕಿದೆ," ಎಂದರು.

ನಾನು ಅವರ ಮುಖ ನೋಡಿದೆ.

"ನೀ ಎದ್ದೆದ್ದು ಕೂಡತಿದ್ದಿ. ಪೆಟ್ಟಿಗಿ ಮುಟ್ಟಿ ಮುಟ್ಟಿ ನೋಡತಿದ್ದಿ. ಆ ಗರಗರ ಅಡಗಿದ್ರ ಹುಡುಗಿ ಒಂದು ರಾತ್ರಿರೆ ಮಲಗತಾಳ ಅಂತ ಮಾಡಿದೆ. ಎರಡು ತೂತು ಇದ್ದುವಲ್ಲ, ಒಂದು ಬಿಟ್ಟಿದ್ದೆ." ಉಸಿರು ತೆಗೆದುಕೊಳ್ಳಲು ನಿಂತರು. "ಮೆತ್ತಂದು ನೋಡಿ ತುರುಕಿದೆ."

ಒಂದು ತೂತು ಬಿಟ್ಟಿದ್ದೆ ಎಂದದ್ದು ನನಗೆ ಇಂದಿಗೂ ಕೇಳಿಸುತ್ತದೆ. ಆ ಫ್ಯಾನುಗಳು ಯಾಕಿವೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಗ ಹೇಳಬೇಕೆಂದುಕೊಳ್ಳಲಿಲ್ಲ. ನಾನು, ಮುದುಕಿ ಹೆದರಿಯಾಳೆಂದು, ಹೇಳಲಿಲ್ಲ.

ಕಣ್ಣು ತುಂಬಿ ಬರಬೇಕಾಗಿತ್ತೇನೋ. ಬರಲಿಲ್ಲ. ಬಂದದ್ದು ಸಿಟ್ಟು, ಈ ಸಲ ಅವರ ಮೇಲೆ. ನನ್ನ ನಿದ್ದೆಯನ್ನು ನನ್ನನ್ನು ಕೇಳದೆ ಇವರು ತಂದುಕೊಟ್ಟದ್ದು ಯಾಕೆ? ದೋಸೆಹಂಚಿನಿಂದ ಹಿಡಿದು ನಿದ್ದೆಯವರೆಗೆ ಈ ಮನೆತನದಲ್ಲಿ ಯಾರೂ ಯಾರನ್ನೂ ಒಂದು ಮಾತು ಕೇಳುವುದಿಲ್ಲವೇ?

"ರಾತ್ರಿ ಅವರು ನನಗ ಅಂದಾಗ ನೀವು ಎಚ್ಚರ ಇದ್ರಿ," ಎಂದೆ.

"ಇದ್ದೆ."

"ಕೇಳಿಸಿಕೊಂಡ್ರಿ."

"ಕೇಳಿಸಿಕೊಂಡೆ." ಸೂಜಿಯನ್ನು ಕೌದಿಗೆ ಚುಚ್ಚಿಟ್ಟರು. "ಮುನಿಗೆ ತಿಳಿದ್ರ ಅವ್ವಗ ಬುದ್ಧಿ ಕೆಟ್ಟೈತಿ ಅಂತಾನ. ಇನ್ನೊಮ್ಮೆ ಹೊಸಲಿ ದಾಟಸಂಗಿಲ್ಲ. ಕೂಸಿನ ಮಾರಿ ಇದೊಂದs ಸಲ ನೋಡೂದಾಗತೈತಿ." ಆಮೇಲೆ, "ಆದ್ರೂ ನಾ ಹೇಳತೀನಿ. ನಿನ್ನ ಮ್ಯಾಲೆ ಬ್ಯಾಡ," ಎಂದರು.

ಗಂಡ ಕೊಡ ಹೊತ್ತು ಬಂದರು. ಅತ್ತೆ ಹೊರಗೆ ನೋಡುತ್ತಾ ಕೂತರು. ಹೇಳಲಿಲ್ಲ.

ಸಂಜೆ ದಾನಮ್ಮನ ಮನೆ ತಲುಪಿದೆವು. ಕೂಸನ್ನು ಅಜ್ಜಿಯ ತೊಡೆಗೆ ಕೊಟ್ಟರು. ನಳಿಗೆ ಹಾಕಿಕೊಂಡ ಆ ಮುಖವನ್ನು ಕೂಸು ಬಹಳ ಹೊತ್ತು ನೋಡಿ, ನಳಿಗೆಯನ್ನೇ ಹಿಡಿದೆಳೆಯಿತು. ಅತ್ತೆ ಅಷ್ಟು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನಕ್ಕು ಕೆಮ್ಮು ಬಂತು, ಕೆಮ್ಮಿನ ನಡುವೆಯೂ ನಕ್ಕರು. ದೀಪಾವಳಿಗೆ ಮತ್ತೆ ಬಾ ಎಂದು ಮಗಳು ಕರೆಯುತ್ತಿದ್ದಳು. ವ್ಯಾನು ಐತಲ್ಲ, ಬರತೀನಿ ಎನ್ನುತ್ತಿದ್ದರು.

ಅಲ್ಲಿಯೇ, ಆ ನಗೆಯ ನಡುವೆಯೇ, ಗಂಡ ರಾತ್ರಿಯ ಕತೆ ತೆಗೆದರು. ಏನನ್ನೂ ಬಿಡಲಿಲ್ಲ. ನೀಲಿ ಬಟ್ಟೆಯನ್ನು ಎಳೆದದ್ದನ್ನು ಕೈಯಿಂದ ಮಾಡಿ ತೋರಿಸಿದರು. ಮನೆಯವರೆಲ್ಲ ನನ್ನತ್ತ ತಿರುಗಿದರು.

"ವೈನಿ, ಖರೇನ?" ಎಂದಳು ದಾನಮ್ಮ.

ಪುಸ್ತಿಕೆ ನನ್ನ ಚೀಲದಲ್ಲಿತ್ತು. ಅತ್ತೆಯ ನಗು ನಿಂತಿತ್ತು. ಅವರ ಬಾಯಿ ತೆರೆಯಿತು, ಮಾತಿಗೆ ಬೇಕಾದಷ್ಟು ಉಸಿರನ್ನು ಒಳಗೆ ಕೂಡಿಸುತ್ತಿದ್ದುದು ಕಂಡಿತು. ಕೂಸು ಅವರ ಕಿರುಬೆರಳನ್ನು ಹಿಡಿದುಕೊಂಡಿತ್ತು.

"ಕೈಕಾಲು ತೊಳಕೊಂಡು ಬರತೀನಿ," ಎಂದು ನಾನು ಎದ್ದೆ. ನನ್ನ ಬೆನ್ನ ಹಿಂದೆ ಯಾರೋ ನಾಲಿಗೆ ಲೊಚಗುಟ್ಟಿದರು. ಹಿತ್ತಲ ಕಲ್ಲಿನ ಮೇಲೆ ನಿಂತು ಮುಖಕ್ಕೆ ನೀರೆರಚಿಕೊಂಡೆ. ಒಂದು ಚೊಂಬನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಅದು ಅವರ ಮನೆಯ ಚೊಂಬು. ಹಾಗೇ ಮಗುಚಿಟ್ಟು ಬಂದೆ.

ಊಟದ ಮೇಲೆ ಗಂಡ ನನ್ನನ್ನು ವ್ಯಾನಿಗೆ ಕರೆದರು. ಪ್ಲೈವುಡ್ಡಿನ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ ಹೊರಗೆ ಒರಗಿಸಿದ್ದರು. ಚಾರ್ಜರನ್ನು ನೀರಿನ ಡ್ರಮ್ಮಿನಾಚೆಯ ಬರಿಗೋಡೆಗೆ, ನಾಲ್ಕೂ ಕಡೆ ಬಯಲು ಬಿಟ್ಟು, ಕೂರಿಸುತ್ತಿದ್ದರು. ನನ್ನತ್ತ ನೋಡದೆ ಬ್ಯಾಟರಿ ದೀಪವನ್ನು ಚಾಚಿದರು. ನಾನು ಹಿಡಿದುಕೊಂಡು ನಿಂತೆ.

"ನನಗ ಅದs ತಿಳಿವಲ್ದು," ಎಂದರು ಸ್ಕ್ರೂ ಬಿಗಿಯುತ್ತಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕೆರಳಿಸಿತು. "ಇಷ್ಟು ಕಾಳಜಿ ಮಾಡಾಕಿ ನೀನು. ಯಾಕ ಹಂಗ ಮಾಡಿದಿ?"

ಒಳಮನೆಯಿಂದ ಅತ್ತೆಯ ದನಿ ಕೇಳುತ್ತಿತ್ತು. ತೊಟ್ಟಿಲನ್ನು ಎಲ್ಲಿ ಕಟ್ಟಬೇಕೆಂದು ಯಾರಿಗೋ ಹೇಳಿಕೊಡುತ್ತಿದ್ದರು. ದಿನವಿಡೀ ತಿದ್ದಿಟ್ಟ ನನ್ನ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿ, ಒಂದು ತಪ್ಪೂ ಇಲ್ಲದೆ, ಸಾಲಾಗಿ ನಿಂತಿದ್ದವು. ಈ ಮನುಷ್ಯನಿಗೆ ಹೇಳುವುದಿಲ್ಲ, ದಾನಮ್ಮನಿಗೂ ಇಲ್ಲ, ಯಾರಿಗೂ ಇಲ್ಲ ಎಂದು ಆಗ ನಿರ್ಧರಿಸಿದೆ. ಅವರನ್ನು ಕ್ಷಮಿಸಿರಲಿಲ್ಲ, ಮುದುಕಿಯನ್ನೂ ಕ್ಷಮಿಸಿರಲಿಲ್ಲ.

"ಬೆಳಕು ಸ್ವಲ್ಪ ಎಡಕ್ಕ," ಎಂದರು ಅವರು.

ನಾನು ಬೆಳಕನ್ನು ಸ್ವಲ್ಪ ಎಡಕ್ಕೆ ಸರಿಸಿದೆ.